ಹುಲಕೋಟಿ ಸೀಮೆಯ ಕೂಡುತಾಣಗಳು

ಹುಲಕೋಟಿ ಸೀಮೆಯ ಕೂಡುತಾಣಗಳು: ಗದಗ ಜಿಲ್ಲೆಯ ಹುಲಕೋಟಿ ಮತ್ತು ಅದರ ಆಸುಪಾಸಿನ ಊರುಗಳಲ್ಲಿ ಜನ ಕೂಡಿ ಕುಳಿತು ಸುಖದುಃಖ ಹಂಚಿಕೊಳ್ಳುತ್ತಿದ್ದ, ವ್ಯಾಜ್ಯ ಬಗೆಹರಿಸುತ್ತಿದ್ದ, ಹಾಡುತ್ತಿದ್ದ, ಆಡುತ್ತಿದ್ದ ಜಾಗಗಳು. ಅಗಸಿ, ಚಾವಡಿ, ಗುಡಿಯ ಕಟ್ಟೆ, ಗರಡಿಮನೆ, ಬಾವಿಕಟ್ಟೆ, ಸುಗ್ಗಿಯ ಕಣ, ಬಯಲಾಟದ ಅಟ್ಟ, ಸಂತೆ, ರೈಲು ನಿಲ್ದಾಣ, ಚಹಾದಂಗಡಿ ಇವುಗಳಲ್ಲಿ ಮುಖ್ಯವಾದವು. ಕೆಲವು ಪೂರ್ತಿ ಅಳಿದಿವೆ, ಕೆಲವು ರೂಪ ಬದಲಿಸಿವೆ. ಭಾರತದ ಸಹಕಾರ ಚಳವಳಿಯ ಮೊದಲ ಬೀಜಗಳಲ್ಲಿ ಒಂದು ಬಿದ್ದದ್ದು ಇದೇ ನೆಲದಲ್ಲಿ. ಕಟ್ಟೆಯ ಮೇಲೆ ಕೂಡುವ ರೂಢಿ ಇಲ್ಲಿ ಪುಸ್ತಕದಲ್ಲಿ ಬರೆದ ಸಂಘವಾಗಿ ಬೆಳೆದುದರಿಂದ, ಈ ತಾಣಗಳ ಚರಿತ್ರೆ ಬರಿಯ ಹಳೆಯ ನೆನಪಿನ ಮಾತಲ್ಲ. ಅದು ನಾಡಿನ ಆರ್ಥಿಕ ಚರಿತ್ರೆಯ ಒಂದು ಅಧ್ಯಾಯವೂ ಹೌದು.

ನೆಲ ಮತ್ತು ಹಿನ್ನೆಲೆ

ಹುಲಕೋಟಿ ಗದಗ ತಾಲ್ಲೂಕಿನ ದೊಡ್ಡ ಗ್ರಾಮ. ಗದಗದಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ, ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಮತ್ತು ರೈಲುಮಾರ್ಗದ ಮೇಲಿದೆ. ಸುತ್ತ ಕಪ್ಪು ಎರೆಭೂಮಿ. ಮುಂಗಾರಿಗಿಂತ ಹಿಂಗಾರಿ ಹದವನ್ನು ನೆಚ್ಚಿದ ಹೊಲಗಳಲ್ಲಿ ಹತ್ತಿ, ಬಿಳಿಜೋಳ, ಕಡಲೆ, ಗೋಧಿ, ಕುಸುಬೆ ಬೆಳೆಯುತ್ತವೆ. ಆಗ್ನೇಯಕ್ಕೆ, ಮುಂಡರಗಿಯ ಕಡೆಗೆ, ಕಪ್ಪತ್ತಗುಡ್ಡದ ಸಾಲು ಮತ್ತು ಮಸಾರಿ ನೆಲ.

ಕನ್ನಡದ ಮಟ್ಟಿಗೆ ಇದು ತಿರುಳಿನ ಸೀಮೆ. ಇಂದಿನ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. 9ನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಂದು ಎಣಿಸಿದ ನಾಲ್ಕು ಊರುಗಳ ನಡುವಣ ಪ್ರದೇಶದಲ್ಲಿ ಪುಲಿಗೆರೆಯೂ ಸೇರಿದೆ. 10ನೆಯ ಶತಮಾನದಲ್ಲಿ ಪಂಪ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡಿದ್ದಾನೆ. ಕೂಡಿ ಕಾರ್ಯ ಮಾಡುವ ಪದ್ಧತಿಗೂ ಇಲ್ಲಿ ಹಳೆಯ ಸಾಕ್ಷಿಯುಂಟು. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿರುವ ಕ್ರಿ.ಶ. 1095ರ ಶಾಸನ, ಅಲ್ಲಿನ ಸೆಟ್ಟಿಗಳು ಕೂಡಿ ಬೌದ್ಧ ವಿಹಾರ ಕಟ್ಟಿಸಿದ್ದನ್ನೂ ತಾರಾದೇವಿಯ ಆರಾಧನೆಯನ್ನೂ ದಾಖಲಿಸಿದೆ.

ಬ್ರಿಟಿಷರ ಕಾಲದಲ್ಲಿ ಈ ಸಣ್ಣ ಪ್ರದೇಶ ಹಲವು ಆಡಳಿತಗಳಿಗೆ ಹಂಚಿಹೋಗಿತ್ತು. ಗದಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಒಂದೂರಿನಿಂದ ಇನ್ನೊಂದೂರಿನ ಜಾತ್ರೆಗೆ ಹೊರಟವನು ದಾರಿಯಲ್ಲಿ ಅರಸೊತ್ತಿಗೆಯನ್ನೇ ದಾಟಬೇಕಾಗಿತ್ತು. ಕಾಗದದ ಮೇಲೆ ಬೇರೆಯಾಗಿದ್ದ ಊರುಗಳನ್ನು ಒಂದಾಗಿ ಇಟ್ಟದ್ದು ಸಂತೆ, ಜಾತ್ರೆ, ಮಠಗಳೇ. 1956ರಲ್ಲಿ ಇವೆಲ್ಲ ವಿಶಾಲ ಮೈಸೂರು ರಾಜ್ಯದೊಳಗೆ ಬಂದವು. 1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಭಜಿಸಿ ಗದಗ ಜಿಲ್ಲೆಯನ್ನು ರಚಿಸಲಾಯಿತು.

ಅಗಸಿ ಮತ್ತು ಚಾವಡಿ

ಈ ಭಾಗದಲ್ಲಿ ಊರಿನ ಹೆಬ್ಬಾಗಿಲಿಗೆ ಅಗಸಿ ಎನ್ನುತ್ತಾರೆ. ಕಲ್ಲಿನ ಕಮಾನು, ಇಕ್ಕೆಲದಲ್ಲಿ ಕುಳಿತುಕೊಳ್ಳುವ ಕಟ್ಟೆ, ರಾತ್ರಿ ಮುಚ್ಚುವ ದಪ್ಪ ಬಾಗಿಲು ಇದ್ದ ಅಗಸಿಗಳು ದಂಡು, ದರೋಡೆಗಳ ಕಾಲದಲ್ಲಿ ಊರಿನ ರಕ್ಷೆಯಾಗಿದ್ದವು. ಆ ಭಯ ಕಳೆದ ಮೇಲೆ ಅವು ಕೂಡುವ ಜಾಗಗಳಾಗಿ ಉಳಿದವು. ಹೊಲಕ್ಕೆ ಹೋಗುವವರು, ಬರುವವರು, ಪರಸ್ಥಳದ ವ್ಯಾಪಾರಿ, ಜಂಗಮ, ಗೊಂದಲಿಗ, ಬುಡಬುಡಿಕೆಯವ ಎಲ್ಲರೂ ಇದೇ ಬಾಗಿಲಲ್ಲಿ ಹಾಯಬೇಕಾದುದರಿಂದ ಊರಿನ ಸುದ್ದಿ ಮೊದಲು ಮುಟ್ಟುತ್ತಿದ್ದುದು ಅಗಸಿಯ ಕಟ್ಟೆಗೆ. ಕಾರಹುಣ್ಣಿಮೆಯ ಸಂಜೆ ಬಣ್ಣ ಬಳಿದು ಸಿಂಗರಿಸಿದ ಎತ್ತುಗಳನ್ನು ಓಡಿಸಿ, ಅಗಸಿಗೆ ಅಡ್ಡ ಕಟ್ಟಿದ ಕರಿ ಎಂಬ ತೋರಣವನ್ನು ಹರಿಯುತ್ತಿದ್ದುದೂ ಇಲ್ಲಿಯೇ. ಯಾವ ಬಣ್ಣದ ಎತ್ತು ಮೊದಲು ಕರಿ ಹರಿಯಿತು ಎಂಬುದರ ಮೇಲೆ ಆ ವರ್ಷ ಬಿಳಿಯ ಬೆಳೆಯೋ ಕೆಂಪು ಬೆಳೆಯೋ ಎಂದು ಹಿರಿಯರು ಲೆಕ್ಕ ಹಾಕುತ್ತಿದ್ದರು.

ಚಾವಡಿ ಆಡಳಿತದ ತಾಣ. ಗೌಡ, ಕುಲಕರ್ಣಿ, ತಳವಾರ, ವಾಲೀಕಾರರು ಕಂದಾಯದ ಕೆಲಸ ನಡೆಸುತ್ತಿದ್ದರು. ಹೊಲದ ಬದು, ಹಾದಿಯ ಹಕ್ಕು, ಅಣ್ಣತಮ್ಮಂದಿರ ಪಾಲು ಇಂಥ ತಕರಾರುಗಳನ್ನು ದೈವದವರು, ಅಂದರೆ ಊರ ಹಿರಿಯರು, ಕೇಳಿ ತೀರ್ಮಾನಿಸುತ್ತಿದ್ದರು. ಮುಂಬಯಿ ಸರಕಾರದ 1950ರ ಕಾಯಿದೆ ಕುಲಕರ್ಣಿ ವತನಗಳನ್ನು ರದ್ದು ಮಾಡಿತು. 1961ರಲ್ಲಿ ಮಾಡಿದ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಉಳಿದ ವಂಶಪಾರಂಪರ್ಯದ ಹುದ್ದೆಗಳನ್ನೂ ಕೊನೆಗಾಣಿಸಿತು. ಕಂದಾಯದ ದಫ್ತರು ಗ್ರಾಮಲೆಕ್ಕಿಗರ ಕೈಗೆ, ಊರಿನ ಕಾರುಬಾರು ಪಂಚಾಯಿತಿಗೆ ಹೋದವು. ಕಾಯಿದೆ ಕಿತ್ತುಕೊಂಡದ್ದು ಹುದ್ದೆಯನ್ನು. ಆದರೆ ಅದರ ಬೆನ್ನಿಗೆ ಚಾವಡಿಯಲ್ಲಿ ಕೂಡುವ ರೂಢಿಯೂ ಸಡಿಲವಾಯಿತು.

ಈ ಕೂಟಗಳು ಎಲ್ಲರವೂ ಆಗಿರಲಿಲ್ಲ ಎಂಬುದನ್ನು ಮರೆಯಬಾರದು. ಕಟ್ಟೆಯ ಮೇಲೆ ಕೂಡುವ ಹಕ್ಕು ಮೇಲುಜಾತಿಯ ಗಂಡಸರದಾಗಿತ್ತು. ದಲಿತರು ಕೆಳಗೆ, ದೂರದಲ್ಲಿ ನಿಂತು ತಮ್ಮ ಅಹವಾಲು ಹೇಳಬೇಕಾಗಿತ್ತು. ಹೆಣ್ಣುಮಕ್ಕಳು ಅಗಸಿಯ ಮುಂದೆ ತಲೆತಗ್ಗಿಸಿ ಸೆರಗು ಹೊದ್ದು ಸಾಗಬೇಕಾಗಿತ್ತು. ಮುಂಬಯಿ ಪ್ರಾಂತದಲ್ಲಿ 1946ರ ಸಾಮಾಜಿಕ ನಿರ್ಬಂಧ ನಿವಾರಣೆಯ ಕಾಯಿದೆ ಮತ್ತು 1947ರ ದೇವಾಲಯ ಪ್ರವೇಶ ಕಾಯಿದೆ ಕಾನೂನಿನ ಬಾಗಿಲು ತೆರೆದವು. ಊರಿನ ಬಾಗಿಲು ತೆರೆಯಲು ಇನ್ನೂ ಬಹಳ ವರ್ಷ ಹಿಡಿಯಿತು. ಹಳೆಯ ಕಟ್ಟೆಯನ್ನು ಹೊಗಳುವಾಗ ಅದರ ಕೆಳಗೆ ನಿಂತವರ ನೆನಪೂ ಇರಬೇಕು.

ಬಾವಿಕಟ್ಟೆ, ಕಣ, ಗರಡಿಮನೆ

ಹೆಣ್ಣುಮಕ್ಕಳಿಗೆ ಸಿಕ್ಕ ಕೂಡುತಾಣಗಳೆಲ್ಲ ದುಡಿಮೆಯ ಜಾಗಗಳೇ. ಸೇದುವ ಬಾವಿ, ಕೆರೆಯ ಮೆಟ್ಟಿಲು, ಬಟ್ಟೆ ಒಗೆಯುವ ಹಳ್ಳದ ದಂಡೆ, ಬೆಳಗಿನ ಜಾವದ ಬೀಸುವ ಕಲ್ಲು: ತವರಿನ ನೆನಪು, ಅತ್ತೆಮನೆಯ ಸಂಕಟ, ಹಸುಗೂಸಿನ ಕಾಯಿಲೆ, ಕನ್ಯೆ ವರಗಳ ಸುದ್ದಿ ಇಲ್ಲಿಯೇ ಹಂಚಿಕೆಯಾಗುತ್ತಿದ್ದವು. ಬೀಸುವ ಪದಗಳೂ ಹಂತಿಯ ಪದಗಳೂ ಈ ಸೀಮೆಯ ಬಾಯಿಮಾತಿನ ಸಾಹಿತ್ಯದ ದೊಡ್ಡ ಭಂಡಾರ.

ಹಂತಿ ಎಂದರೆ ಸುಗ್ಗಿಯ ಕಣದಲ್ಲಿ ನೆಟ್ಟ ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವ ಕೆಲಸ. ರಾತ್ರಿಯೆಲ್ಲ ನಡೆಯುವ ಈ ದುಡಿಮೆಯಲ್ಲಿ ನಿದ್ದೆ ಬಾರದಿರಲೆಂದು ಹಿಂದಿನಿಂದ ಒಬ್ಬ ಪದ ಎತ್ತಿದರೆ ಉಳಿದವರು ದನಿಗೂಡಿಸುತ್ತಿದ್ದರು. ಒಬ್ಬರ ಕಣಕ್ಕೆ ನೆರೆಯ ಹೊಲದವರು ಬರುವುದು, ಅವರ ಕಣಕ್ಕೆ ಇವರು ಹೋಗುವುದು ಮುಯ್ಯಿಯ ರೀತಿ. ಒಕ್ಕುವ ಯಂತ್ರ ಬಂದ ಮೇಲೆ ಹಂತಿ ನಿಂತಿತು. ರಾಶಿ ಕೆಲವೇ ಗಂಟೆಗಳಲ್ಲಿ ಮುಗಿಯತೊಡಗಿತು. ರೈತನ ಮೈ ಹಗುರಾಯಿತು ನಿಜ. ಇಡೀ ರಾತ್ರಿ ಕಣ ಕಾಯುತ್ತಿದ್ದ ಹಾಡು ಮಾತ್ರ ಹಿರಿಯರ ಕೊರಳಿನಲ್ಲಿ, ಜಾನಪದ ಸಂಗ್ರಹಗಳ ಪುಟಗಳಲ್ಲಿ ಉಳಿಯಿತು.

ಗರಡಿಮನೆ ಹರೆಯದ ಹುಡುಗರ ತಾಣ. ಕೆಮ್ಮಣ್ಣಿನ ಅಂಕಣ, ಗೋಡೆಯ ಗೂಡಿನಲ್ಲಿ ಹನುಮಂತ, ಮೂಲೆಯಲ್ಲಿ ಮರದ ಲೋಡು ಮತ್ತು ಎತ್ತುವ ಗುಂಡುಕಲ್ಲು. ಜಾತ್ರೆಯ ಕುಸ್ತಿಯಲ್ಲಿ ಊರಿನ ಮಾನ ಕಾಯುವವರು ಇಲ್ಲಿ ತಯಾರಾಗುತ್ತಿದ್ದರು. ಮೊಹರಂ ಹೊತ್ತಿಗೆ ಹೆಜ್ಜೆ ಕಲಿಯುವುದು, ಅಲಾಯಿ ಕುಣಿಯ ಸುತ್ತ ಪದ ಹಾಡುವುದು ಹಿಂದೂ ಮುಸ್ಲಿಂ ಎನ್ನದೆ ಕೂಡಿ ನಡೆಯುತ್ತಿತ್ತು. ಹಲವು ಊರುಗಳಲ್ಲಿ ಈಗಲೂ ನಡೆಯುತ್ತದೆ.

ಗುಡಿ, ಮಠ, ಜಾತ್ರೆ

ಗದಗದ ವೀರನಾರಾಯಣ ಗುಡಿ ಈ ಸೀಮೆಯ ಓದು ಕೇಳುವಿಕೆಯ ಮೂಲಸ್ಥಾನ. ಕುಮಾರವ್ಯಾಸನು ಇಲ್ಲಿಯ ಕಂಬವೊಂದರ ಬಳಿ ಕುಳಿತು ಭಾರತವನ್ನು ರಚಿಸಿದನೆಂಬುದು ಜನರ ನಂಬಿಕೆ. ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ‘ಗದುಗಿನ ಭಾರತ’ ಎಂಬ ಹೆಸರೇ ಕಾವ್ಯಕ್ಕೆ ಊರು ಕೊಟ್ಟ ಬಿರುದು. ಶ್ರಾವಣ ಮಾಸದಲ್ಲಿ ಹಳ್ಳಿಹಳ್ಳಿಯ ಗುಡಿಗಳಲ್ಲಿ ಭಾರತ, ಶರಣರ ಪುರಾಣಗಳ ವಾಚನ ನಡೆಯುತ್ತಿತ್ತು. ಒಬ್ಬರು ರಾಗವಾಗಿ ಓದಿ, ಇನ್ನೊಬ್ಬರು ಅರ್ಥ ಹೇಳುವಾಗ, ಅಕ್ಷರ ಬಾರದವರ ಬಾಯಲ್ಲೂ ನಡುಗನ್ನಡದ ಪದ್ಯಗಳು ನೆಲೆಗೊಂಡವು.

ಗದಗದ ತೋಂಟದಾರ್ಯ ಮಠವು ವಾರವಾರದ ಶಿವಾನುಭವ ಗೋಷ್ಠಿಯ ಮೂಲಕ ಉಪನ್ಯಾಸ, ಪುಸ್ತಕ, ಚರ್ಚೆಗಳಿಗೆ ಜಾಗ ಕೊಟ್ಟಿತು. ಅದರ ಪೀಠಾಧಿಪತಿಯಾಗಿದ್ದ ಸಿದ್ಧಲಿಂಗ ಸ್ವಾಮಿಗಳು (1949-2018) 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಭಾಗದಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲೊಪ್ಪದ ರೈತರ ಬೆನ್ನಿಗೆ ನಿಂತರು. ಅದೇ ವರ್ಷ ಆ ಯೋಜನೆಯನ್ನು ಕೈಬಿಡಲಾಯಿತು. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ ಮುಸ್ಲಿಂ ಭಕ್ತರಿಬ್ಬರೂ ಸೇರುವ ಭಾವೈಕ್ಯದ ಪೀಠ. ಮುಂಡರಗಿಯ ಅನ್ನದಾನೀಶ್ವರ ಮಠ ದಾಸೋಹ ಮತ್ತು ಶಿಕ್ಷಣಕ್ಕೆ ಹೆಸರಾಗಿದೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ (1892-1944) ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914-2010) ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಟ್ಟರು. ಕಣ್ಣಿಲ್ಲದವರಿಗೆ ಸಭೆಯ ನಡುವೆ ಗೌರವದ ಪೀಠ ದೊರಕಿಸಿದ್ದು ಆ ಆಶ್ರಮದ ದೊಡ್ಡ ಕೊಡುಗೆ.

ಆಟದ ಅಟ್ಟ ಮತ್ತು ನಾಟಕದ ತಂಬು

ಬೆಳೆ ಮನೆಗೆ ಬಂದ ಮೇಲೆ ಊರಿನ ಬಯಲಿನಲ್ಲಿ ಅಟ್ಟ ಏಳುತ್ತಿತ್ತು. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ರಾತ್ರಿಯಿಂದ ಬೆಳಗಿನವರೆಗೆ ನಡೆಯುತ್ತಿದ್ದವು. ಪಾತ್ರಧಾರಿಗಳು ಊರಿನ ರೈತರೇ, ಬಡಿಗರೇ, ನೇಕಾರರೇ. ತಿಂಗಳುಗಟ್ಟಲೆ ನಡೆಯುವ ತಾಲೀಮೇ ಒಂದು ಕೂಟವಾಗಿತ್ತು.

ವೃತ್ತಿರಂಗಭೂಮಿಗೂ ಗದಗ ತವರು. ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು (1856-1920) ಮರಾಠಿ ನಾಟಕಗಳ ಅಬ್ಬರದ ನಡುವೆ 1870ರ ದಶಕದಲ್ಲಿ ಇಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡ ನಾಟಕಗಳನ್ನು ಆಡಿಸಿದರು. ಮುಂದೆ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇದೇ ಊರಿನಿಂದ ನಾಡೆಲ್ಲ ತಿರುಗಿತು. ಕಂಪನಿಯ ತಂಬು ಬಿದ್ದರೆ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬರುವವರ ಸಾಲು ಹತ್ತುತ್ತಿತ್ತು. ನೆಲದ ಮೇಲೆ ಕಂಬಳಿ ಹಾಸಿ ಮನೆಮಂದಿಯೆಲ್ಲ ನಾಟಕ ನೋಡುತ್ತಿದ್ದರು. ಆಮೇಲೆ ಟೂರಿಂಗ್ ಟಾಕೀಸಿನ ಡೇರೆ ಆ ಜಾಗ ಹಿಡಿಯಿತು, ಅದರ ಜಾಗವನ್ನು ಟಿ.ವಿ. ಕಸಿದುಕೊಂಡಿತು. ಮನರಂಜನೆ ಬಯಲಿನಿಂದ ಪಡಸಾಲೆಗೆ ಬಂದಿತು, ಪಡಸಾಲೆಯಿಂದ ಅಂಗೈಗೆ ಇಳಿಯಿತು.

ಹತ್ತಿ, ರೈಲು, ಚಹಾದಂಗಡಿ

ಈ ಸೀಮೆಯ ಹೊಸ ಕಾಲದ ಕೂಟಗಳನ್ನು ಕಟ್ಟಿದ್ದು ಹತ್ತಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿಬೀಜವನ್ನು ಬೆಳೆಸಲು ಯತ್ನಿಸಿತು; ಗದಗ, ಡಂಬಳಗಳ ಎರೆನೆಲದಲ್ಲಿ ಅದು ಚೆನ್ನಾಗಿ ನಿಂತಿತು. ಅದಕ್ಕೂ ಮೊದಲಿನಿಂದ ಬೆಳೆಯುತ್ತಿದ್ದ ಜವಾರಿ ಹತ್ತಿಯನ್ನು ಚಕ್ಕಡಿಗಳಲ್ಲಿ ಹೇರಿ ಘಟ್ಟ ಇಳಿಸಿ ಕುಮಟಾ ಬಂದರಿಗೆ ಒಯ್ಯುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಯಿತು. 1861-65ರ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತಾಗ ಇಲ್ಲಿನ ಧಾರಣೆ ಏರಿತು, ಯುದ್ಧ ಮುಗಿದೊಡನೆ ಕುಸಿಯಿತು. ದೂರದ ದೇಶದ ಯುದ್ಧ ತನ್ನ ಹೊಲದ ಬೆಲೆಯನ್ನು ಕುಣಿಸಬಲ್ಲದೆಂದು ಎರೆಸೀಮೆಯ ರೈತ ಕಂಡುಕೊಂಡದ್ದು ಆಗ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಭಾಗಕ್ಕೆ ಮೀಟರ್ ಗೇಜ್ ಹಳಿ ತಂದಿತು. ಗದಗ ಜಂಕ್ಷನ್ ಆಯಿತು, ಹುಲಕೋಟಿಗೆ ನಿಲ್ದಾಣ ದೊರಕಿತು. ಹತ್ತಿಯ ಅಂಡಿಗೆ ಹೇರಿದ ಚಕ್ಕಡಿಗಳು ಕುಮಟಾದ ಹಾದಿ ಬಿಟ್ಟು ಸ್ಟೇಶನ್ನಿನ ಹಾದಿ ಹಿಡಿದವು. ಜಿನ್ನಿಂಗ್ ಗಿರಣಿ, ಅಡತಿ ಅಂಗಡಿ, ಖಾನಾವಳಿ ಅದರ ಬೆನ್ನಿಗೆ ಬಂದವು. ಹಳ್ಳಿಯ ಸ್ಟೇಶನ್ ಎಂದರೆ ಟಿಕೆಟ್ ಕೊಡುವ ಜಾಗ ಮಾತ್ರವಾಗಿರಲಿಲ್ಲ. ಟಪಾಲು, ಪತ್ರಿಕೆ, ಪೇಟೆಯ ಧಾರಣೆ, ಹೊರಗೆ ಹೋದ ಮಕ್ಕಳು ಇಳಿಯುತ್ತಿದ್ದುದು ಅಲ್ಲಿಯೇ; ಗಾಡಿಯ ಹೊತ್ತಿಗೆ ಸುಮ್ಮನೆ ಹೋಗಿ ನಿಲ್ಲುವವರೂ ಇದ್ದರು. 1990ರ ದಶಕದಲ್ಲಿ ಹಳಿ ಬ್ರಾಡ್ ಗೇಜ್ ಆಯಿತು. ಹೆದ್ದಾರಿಯ ಬಸ್ಸು, ಬೈಕುಗಳ ಓಡಾಟ ಹೆಚ್ಚಿದಂತೆ ನಿಲ್ದಾಣದ ಆ ಹಳೆಯ ಜಂಗುಳಿ ಕರಗಿತು.

ಚಹಾದಂಗಡಿ ಸ್ವಾತಂತ್ರ್ಯದ ಆಸುಪಾಸಿನ ಕೂಡುತಾಣ. ಮಿರ್ಚಿಬಜಿ, ಬದನೆಕಾಯಿ ಬಜಿ, ಗಿರಮಿಟ್ಟಿನ ಜೊತೆಗೆ ಹುಬ್ಬಳ್ಳಿಯಿಂದ ಬಂದ ‘ಸಂಯುಕ್ತ ಕರ್ನಾಟಕ’ವನ್ನು ಒಬ್ಬ ಗಟ್ಟಿಯಾಗಿ ಓದಿದರೆ ಹತ್ತು ಜನ ಕೇಳುತ್ತಿದ್ದರು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಪಂಚಾಯಿತಿಯ ರೇಡಿಯೊ ಸುತ್ತ ಸಂಜೆಯ ಕೂಟ ಬೆಳೆಯಿತು. ಹವಾಮಾನ, ಪೇಟೆ ಧಾರಣೆ, ಒಕ್ಕಲುತನದ ಸಲಹೆ, ಜನಪದ ಗೀತೆ ಇವಕ್ಕೆ ಕಿವಿಗೊಟ್ಟವರಲ್ಲಿ ಬಹುಪಾಲು ಜನ ಓದು ಬಾರದವರು.

ಕಟ್ಟೆಯಿಂದ ಸಂಘಕ್ಕೆ

ಈ ಸೀಮೆಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ತೂಕದ ಸಂಗತಿ ಇದು. 1876-78ರ ಮಹಾಕ್ಷಾಮ, 1890ರ ದಶಕದ ಕೊನೆಯ ಬರಗಳು ಎರೆಸೀಮೆಯ ರೈತನನ್ನು ಸಾಹುಕಾರನ ಬಡ್ಡಿಗೆ ಕಟ್ಟಿಹಾಕಿದ್ದವು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದಿತು. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರ ಮೇ 8ರಂದು ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಂಘಗಳ ಸಾಲಿನಲ್ಲಿ ಅದರ ಹೆಸರು ಮುಂಚೂಣಿಯಲ್ಲಿದೆ.

ಅಂದಿನ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ಸಾಲ ತೀರಿಸದಿದ್ದರೆ ಉಳಿದವರೆಲ್ಲ ತಮ್ಮ ಆಸ್ತಿಯಿಂದ ಅದನ್ನು ತುಂಬಬೇಕು. ಇಂಥ ಕರಾರಿಗೆ ಅಪರಿಚಿತರು ರುಜು ಹಾಕಲಾರರು. ಯಾರ ಹೊಲ ಎಷ್ಟು ಫಲ ಕೊಡುತ್ತದೆ, ಯಾರ ಮನೆಯಲ್ಲಿ ಮದುವೆಯ ಖರ್ಚಿದೆ, ಯಾರು ಆಡಿದ ಮಾತಿಗೆ ನಿಲ್ಲುತ್ತಾರೆ ಎಂಬ ತಿಳಿವಳಿಕೆಯೇ ಸಂಘದ ನಿಜವಾದ ಬಂಡವಾಳ. ಆ ತಿಳಿವಳಿಕೆ ಹುಟ್ಟುತ್ತಿದ್ದುದು ಅಗಸಿಯ ಕಟ್ಟೆಯಲ್ಲಿ, ಕಣದಲ್ಲಿ, ಗುಡಿಯ ಜಗಲಿಯಲ್ಲಿ. ದಿನವೂ ಕೂಡುವ ಜನರಿದ್ದ ಊರಿನಲ್ಲಿ ಮಾತ್ರ ಈ ಸಂಘ ನೆಲೆ ನಿಲ್ಲಬಹುದಾಗಿತ್ತು. 1910ರ ದಶಕದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟದ ಸಹಕಾರ ಸಂಘಗಳೂ ಹುಟ್ಟಿದವು.

ಈ ಪರಂಪರೆಯನ್ನು ಹುಲಕೋಟಿಯಲ್ಲಿ ದೊಡ್ಡದಾಗಿ ಬೆಳೆಸಿದವರು ಕೆ.ಎಚ್. ಪಾಟೀಲರು (1925-1992). ‘ಹುಲಕೋಟಿಯ ಹುಲಿ’ ಎಂದು ಜನ ಕರೆದ ಅವರು ರಾಜ್ಯದ ಸಚಿವರಾಗಿ, ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿ ಹೆಸರಾದರೂ, ಊರು ಅವರನ್ನು ನೆನೆಯುವುದು ಮುಖ್ಯವಾಗಿ ಸಹಕಾರಿಯಾಗಿ. ರೈತರ ಸಹಕಾರಿ ನೂಲಿನ ಗಿರಣಿ ಹತ್ತಿ ಬೆಳೆದವರನ್ನೂ ನೂಲುವವರನ್ನೂ ಒಂದೇ ಅಂಗಳಕ್ಕೆ ತಂದಿತು. ಗ್ರಾಮೀಣ ಇಂಜಿನಿಯರಿಂಗ್ ಕಾಲೇಜು, ಆಸ್ಪತ್ರೆ, ಅವರ ಹೆಸರು ಹೊತ್ತ ಕೃಷಿ ವಿಜ್ಞಾನ ಕೇಂದ್ರ ಇವೆಲ್ಲ ಒಂದು ಹಳ್ಳಿಯಲ್ಲಿ ನೆಲೆಯಾದವು. ಪಾಳಿ ಬಿಡುವ ಹೊತ್ತು, ಕಾಲೇಜಿನ ಗೇಟು, ಕೃಷಿ ಮೇಳದ ಚಪ್ಪರ ಊರಿನ ಹೊಸ ಕೂಡುತಾಣಗಳಾದವು.

ಇಂದಿನ ಸ್ಥಿತಿ

ರಸ್ತೆ ಅಗಲಿಸುವಾಗ ಹಲವು ಊರುಗಳ ಅಗಸಿಗಳು ಉರುಳಿದವು. ನಲ್ಲಿ ಬಂದು ಬಾವಿಕಟ್ಟೆ ಬರಿದಾಯಿತು. ಹೆಣ್ಣುಮಕ್ಕಳ ಬೆನ್ನು ಉಳಿಸಿದ ಆ ಬದಲಾವಣೆಗೆ ಯಾರೂ ಮರುಗಬೇಕಾಗಿಲ್ಲ. ಗದಗ ಜಿಲ್ಲೆಯ ಅನೇಕ ಕಡೆ, ವಿಶೇಷವಾಗಿ ಮುಂಡರಗಿಯ ಭಾಗದಲ್ಲಿ, ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಆದ್ದರಿಂದ ಈಗ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವ ಸಾಲು ಹಳೆಯ ಬಾವಿಕಟ್ಟೆಯನ್ನು ಅಷ್ಟಿಷ್ಟು ನೆನಪಿಸುತ್ತದೆ. ಸ್ವಸಹಾಯ ಸಂಘಗಳ ವಾರದ ಸಭೆ ಹೆಣ್ಣುಮಕ್ಕಳಿಗೆ ಹಿಂದೆಂದೂ ಇಲ್ಲದ ಕಟ್ಟೆಯೊಂದನ್ನು ಕೊಟ್ಟಿದೆ. ಗ್ರಾಮಸಭೆಯಲ್ಲಿ, ಕಾನೂನಿನ ಮಟ್ಟಿಗಾದರೂ, ಕೆಳಗೆ ನಿಲ್ಲಬೇಕಾದವರು ಯಾರೂ ಇಲ್ಲ.

ಹೀಗೆ ನೋಡಿದರೆ ಈ ಸೀಮೆ ಕಳೆದುಕೊಂಡದ್ದೂ ಉಂಟು, ಗಳಿಸಿದ್ದೂ ಉಂಟು. ಕೆಲಸವಿಲ್ಲದೆಯೂ ಹೋಗಿ ಕೂಡಬಹುದಾಗಿದ್ದ ಜಾಗಗಳು ಕಡಿಮೆಯಾದದ್ದು ದೊಡ್ಡ ನಷ್ಟ. ಒಬ್ಬರನ್ನೊಬ್ಬರು ಅರಿಯುವುದು ಅಂಥಲ್ಲಿ. ಅರಿಯದವರ ನಡುವೆ ಸಂಘ ಕಟ್ಟಿದರೆ ಉಳಿಯುವುದು ಫಲಕ ಮಾತ್ರ. ಕಟ್ಟೆಗಳ ಮೇಲೆ ಕುಳಿತ ಕೊನೆಯ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಪ್ರತಿ ಊರಿನ ಶಾಲೆ, ಪಂಚಾಯಿತಿ, ಗ್ರಂಥಾಲಯಗಳು ಕೂಡಿ, ಅಗಸಿ ಎಲ್ಲಿತ್ತು, ಕಣ ಎಲ್ಲಿತ್ತು, ಅಟ್ಟ ಎಲ್ಲಿ ಏಳುತ್ತಿತ್ತು, ಯಾರು ಮೇಲೆ ಕೂಡುತ್ತಿದ್ದರು, ಯಾರು ಕೆಳಗೆ ನಿಲ್ಲುತ್ತಿದ್ದರು ಎಂಬುದನ್ನು ಆ ಹಿರಿಯರ ಬಾಯಿಂದಲೇ ಕೇಳಿ ಬರೆದಿಡಬೇಕು. ಉಳಿದಿರುವ ಅಗಸಿಗಳನ್ನು ರಸ್ತೆಗೆ ಬಲಿಕೊಡದೆ ಕಾಯಬೇಕು. ಈ ಕೆಲಸಕ್ಕೆ ಹೆಚ್ಚು ಹಣ ಬೇಡ. ಒಂದು ಸಂಜೆ ಬಿಡುವು ಮಾಡಿಕೊಂಡು ಹೋಗಿ ಅವರ ಹತ್ತಿರ ಕುಳಿತರೆ ಸಾಕು.